ಖಾಲಿ ಕಾರ್ಡು, ಎರವಲು ಹಸು

ನಾನು ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಗ ನಮ್ಮಪ್ಪ ನನ್ನನ್ನು ಪಿಯುಸಿಗೆ ಇಳಿಸಿಬಿಟ್ಟ. ಓದದೆ ಇದ್ದವರು ಓದಿದ್ದೇವೆ ಎಂದು ಬುರುಡೆ ಬಿಡುವುದನ್ನು ನೀವೂ ಕಂಡಿರುತ್ತೀರಿ. ಓದಿದ ಮಗಳನ್ನು ಓದಿಲ್ಲ ಎಂದು ಸಾಧಿಸಲು ಹೊರಟ ಮನುಷ್ಯ ಇಡೀ ಹುಣಸೂರು ತಾಲ್ಲೂಕಿನಲ್ಲಿ ಅವನೊಬ್ಬನೇ ಇರಬೇಕು. ಎಪ್ಪತ್ತರ ದಶಕದ ಮಾತು. ದೀಪಾವಳಿ ರಜಕ್ಕೆ ನಾನು ಮೈಸೂರಿನಿಂದ ಊರಿಗೆ ಬಂದಿದ್ದೆ. ಮಾರನೆಯ ದಿನ ಗಂಡಿನ ಕಡೆಯವರು ನನ್ನನ್ನು ನೋಡಲು ಬರುವವರಿದ್ದರು. ಅಪ್ಪ ಜಗಲಿಯ ಮೇಲೆ ಕೂತು ಎಲೆಗೆ ಸುಣ್ಣ ಹಚ್ಚುತ್ತಾ, ನನ್ನ ಮುಖ ನೋಡದೆ ಹೇಳಿದ:

"ಪಿಯುಸಿ ಮುಗ್ಸವ್ಳೆ, ಈಗ ಮೈಸೂರಲ್ಲಿ ಒಲಿಗೆ ಕಲೀತಾವ್ಳೆ ಅಂತ ಯೋಳಿವ್ನಿ. ನೀನು ನಡುವೆ ಬಾಯಾಕಿ ಕೆಡಿಸ್ಬೇಡ ಕಣವ್ವ."

"ಹೊಲಿಗೆಯಾ?" ಅಂದೆ. ಸೂಜಿಗೆ ದಾರ ಪೋಣಿಸುವುದಕ್ಕೂ ನನಗೆ ಸರಿಯಾಗಿ ಬರುತ್ತಿರಲಿಲ್ಲ.

"ಇನ್ನೇನು ಯೋಳ್ಲಿ? ಆ ಉಡುಗ ಪಿಯುಸಿಗೇ ನಿಂತವ್ನೆ. ನೀನು ಅವ್ನ ತಲೆ ಮ್ಯಾಲೆ ಕುಂತ್ಕಂಡ್ರೆ ಆಯ್ತದಾ?"

ಅಪ್ಪನ ಕಷ್ಟ ನನಗೆ ಅರ್ಥವಾಗದ್ದೇನಲ್ಲ. ನನ್ನನ್ನು ಓದಿಸಬೇಕೆಂದು ಅವನು ಯಾವತ್ತೂ ತೀರ್ಮಾನ ಮಾಡಿದವನೇ ಅಲ್ಲ. "ಗಂಡು ಸಿಕ್ಕೋ ಗಂಟ ಓದ್ಲಿ ಬುಡು" ಅಂದ, ಹೈಸ್ಕೂಲು ಮುಗಿಯಿತು. ಮತ್ತೆ ಅದನ್ನೇ ಅಂದ, ಪಿಯುಸಿ ಮುಗಿಯಿತು. ಹೀಗೇ ಬಿ.ಎಸ್ಸಿ.ಯೂ ಆಯಿತು. ಗಂಡು ಸಿಗುವುದು ತಡವಾದಷ್ಟೂ ನನ್ನ ಓದು ಮುಂದಕ್ಕೆ ಹೋಯಿತು, ಓದು ಮುಂದಕ್ಕೆ ಹೋದಷ್ಟೂ ಗಂಡು ಸಿಗುವುದು ತಡವಾಯಿತು. ಕೊನೆಗೆ ಒಂದು ದಿನ ನೋಡುತ್ತಾನೆ, ಮಗಳು ಮೈಸೂರಿನಲ್ಲಿ ಸಂಖ್ಯಾಶಾಸ್ತ್ರದ ಎಂ.ಎಸ್ಸಿ. ಓದುತ್ತಿದ್ದಾಳೆ! ಕೈ ಮೀರಿ ಹೋಗಿತ್ತು. ಕೈ ಮೀರಿದ್ದನ್ನು ಮುಚ್ಚಿಡುವುದೊಂದೇ ಅವನಿಗೆ ಉಳಿದದ್ದು.

ಈ ಸಂಬಂಧ ಬಂದದ್ದು ಕೆ.ಆರ್. ನಗರದ ಕಡೆಯಿಂದ, ಹೊಸ ಅಗ್ರಹಾರದ ಆಚೆಗಿನ ಒಂದು ಊರಿನಿಂದ. ನಮ್ಮದು ಹನಗೋಡಿನ ಪಕ್ಕದ ಹಳ್ಳಿ. ಹೊಲ ದಿಣ್ಣೆಯ ಮೇಲಿತ್ತು. ಅಲ್ಲಿ ನಿಂತರೆ ಲಕ್ಷ್ಮಣತೀರ್ಥ ಹೊಳೆ ಕಾಣುತ್ತಿತ್ತೇ ಹೊರತು ಅದರ ನೀರು ಒಂದು ಬೊಗಸೆಯೂ ಹತ್ತುತ್ತಿರಲಿಲ್ಲ. ರಾಗಿ, ಹುರುಳಿ, ಒಂದಿಷ್ಟು ಹೊಗೆಸೊಪ್ಪು, ಅಷ್ಟೆ. ಅಂಥವನಿಗೆ ಕಾಲುವೆ ನೀರಿನ ಗದ್ದೆಯವರು ಬೀಗರಾಗುತ್ತಾರೆ ಅಂದರೆ ಕಾಲು ನೆಲದ ಮೇಲೆ ನಿಲ್ಲುತ್ತದೆಯೇ? "ಮೂರೊತ್ತೂ ಅನ್ನ ಉಣ್ಣೋರು ಕಣೇ" ಎಂದು ಅವ್ವನಿಗೆ ಹೇಳಿದ. ಅವ್ವನೂ ಹೌದಾ ಎಂದು ಕಣ್ಣರಳಿಸಿದಳು. ಒಪ್ಪಿಗೆಯಾದರೆ ಮದುವೆ ಮಾಘದಲ್ಲೇ ಎಂದಿದ್ದರು. ನನ್ನ ಪರೀಕ್ಷೆ ಇದ್ದದ್ದು ಬೇಸಿಗೆಯಲ್ಲಿ. ಮದುವೆಯಾದ ಮೇಲೆ ಬರೆಯುತ್ತೇನೆ ಅನ್ನೋಣವೆಂದರೆ, ಅವರ ಪ್ರಕಾರ ನಾನು ಎಂ.ಎಸ್ಸಿ. ಓದುತ್ತಲೇ ಇಲ್ಲ. ಇಲ್ಲದ ಪರೀಕ್ಷೆಗೆ ಸೊಸೆಯನ್ನು ಯಾವ ಅತ್ತೆ ಕಳಿಸುತ್ತಾಳೆ? ಎಂ.ಎಸ್ಸಿ. ಆಸೆ ಬಿಡಬೇಕು, ಇಲ್ಲ ಈ ಗಂಡು ತಪ್ಪಬೇಕು. ಆ ರಜ ಪೂರ್ತಿ ನನ್ನನ್ನು ಕಾಡಿದ್ದು ಇದೊಂದೇ ಸಂಕಟ.

ಆ ವರ್ಷ ನಾನು ಓದುತ್ತಿದ್ದ ವಿಷಯ ಏನು ಗೊತ್ತೇ? ಗುಣಮಟ್ಟ ನಿಯಂತ್ರಣ. ಮಾಡಿದ ಸಾಮಾನು ಚೆನ್ನಾಗಿದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡಿ, ಒಪ್ಪುವುದೋ ತಿರಸ್ಕರಿಸುವುದೋ ಎಂದು ತೀರ್ಮಾನಿಸುವ ಶಾಸ್ತ್ರ. ಅದರ ಜೊತೆಗೆ ಕಂಪ್ಯೂಟರಿಗೆ ಪ್ರೋಗ್ರಾಂ ಬರೆಯುವುದು, ಬರೆದ ಪ್ರೋಗ್ರಾಮನ್ನು ಪರೀಕ್ಷೆ ಮಾಡುವುದು. ಕಂಪ್ಯೂಟರನ್ನು ಕಣ್ಣಾರೆ ಕಂಡವರು ನಮ್ಮಲ್ಲಿ ಯಾರೂ ಇರಲಿಲ್ಲ. ಅದು ಬೆಂಗಳೂರಿನಲ್ಲಿತ್ತು. ನಾವು ಪ್ರೋಗ್ರಾಮನ್ನು ಹಾಳೆಯ ಮೇಲೆ ಬರೆಯಬೇಕು, ಆಮೇಲೆ ಅದನ್ನು ರಟ್ಟಿನ ಕಾರ್ಡುಗಳಲ್ಲಿ ತೂತು ತೂತಾಗಿ ಹೊಡೆಸಬೇಕು, ಕಾರ್ಡಿನ ಕಟ್ಟನ್ನು ದಾರದಿಂದ ಬಿಗಿದು ಬೆಂಗಳೂರಿಗೆ ಕಳಿಸಬೇಕು. ಯಾವತ್ತೋ ಒಂದು ದಿನ ಉತ್ತರ ಅಚ್ಚಾಗಿ ವಾಪಸು ಬರುತ್ತಿತ್ತು. ಸಾಮಾನ್ಯವಾಗಿ ಆ ಉತ್ತರ ನಮ್ಮ ಮುಖಕ್ಕೆ ಮಂಗಳಾರತಿ ಎತ್ತುವಂತೆಯೇ ಇರುತ್ತಿತ್ತು.

ಪಾಠ ಮಾಡುತ್ತಿದ್ದವರು ಕಲ್ಕತ್ತೆಯಲ್ಲಿ ಕಲಿತು ಬಂದ ಮೇಷ್ಟ್ರು. ಚಿಕ್ಕ ವಯಸ್ಸು, ಮೂಗಿನ ತುದಿಯಲ್ಲೇ ಕೋಪ. ಅವರದೊಂದು ನಿಯಮವಿತ್ತು: ಬರೆದವರು ತಮ್ಮ ಪ್ರೋಗ್ರಾಮನ್ನು ತಾವೇ ಪರೀಕ್ಷೆ ಮಾಡಕೂಡದು, ಪಕ್ಕದವರಿಗೆ ಕೊಡಬೇಕು. ಹಾಗೆ ಮೊದಲ ಸಲ ಅದಲುಬದಲು ಮಾಡಿಕೊಂಡು ನಾವೆಲ್ಲ ವರದಿ ಒಪ್ಪಿಸಿದೆವು. ಎಲ್ಲರೂ ಎಲ್ಲರ ಪ್ರೋಗ್ರಾಮೂ ಚೆನ್ನಾಗಿದೆ ಎಂದೇ ಬರೆದಿದ್ದೆವು. ನನ್ನದು ಪಿರಿಯಾಪಟ್ಟಣದ ಕಡೆಯ ಒಬ್ಬ ಸಹಪಾಠಿಯ ಪಾಲಿಗೆ ಬಂದಿತ್ತು. ಅವನು "ಬಹಳ ಚೆನ್ನಾಗಿದೆ, ಅಕ್ಷರವೂ ದುಂಡಾಗಿದೆ" ಎಂದು ಸೇರಿಸಿದ್ದ. ಬೇರೆಯವರು ಮಾಡಿದ್ದನ್ನು ಎದುರಿಗೇ ಚೆನ್ನಾಗಿಲ್ಲ ಅನ್ನುವುದುಂಟೆ? ನಮ್ಮನ್ನು ಹಾಗೆ ಬೆಳೆಸಿರಲಿಲ್ಲ.

ಮೇಷ್ಟ್ರು ವರದಿಗಳನ್ನು ಮೇಜಿನ ಮೇಲೆ ಕುಕ್ಕಿದರು. "ಇದೇನ್ರಿ, ಮದುವೆ ಮನೆ ಊಟವಾ? ಪಾಯಸ ಚೆನ್ನಾಗಿತ್ತು ಅಂತ ಎಲೆ ಮಡಚಿ ಏಳೋದಕ್ಕೆ? ತಪ್ಪು ಹುಡುಕಿ ಅಂದರೆ ಆರತಿ ಎತ್ತಿದ್ದೀರಲ್ಲ! ಬರೆದವನು ತೋರಿಸೋದನ್ನ ಯಾಕೆ ನೋಡ್ತೀರಿ? ಅವನು ತೋರಿಸೋದು ಮುಗಿಸಿದ ಮೇಲೆ ನಿಮ್ಮ ಕೆಲಸ ಶುರು." ನಾವು ತಲೆ ತಗ್ಗಿಸಿ ಕೂತೆವು. ಹೊರಗೆ ಬಂದ ಮೇಲೆ ಅವರ ಪಾಠವೂ ಚೆನ್ನಾಗಿತ್ತು ಎಂದು ಮಾತಾಡಿಕೊಂಡೆವು.

ಅವರು ಹೇಳಿಕೊಟ್ಟ ಒಂದು ನಕ್ಷೆ ನನಗೆ ಬಹಳ ಹಿಡಿಸಿತ್ತು. ನಡುವೆ ಒಂದು ಗೆರೆ, ಮೇಲೆ ಒಂದು ಗೆರೆ, ಕೆಳಗೆ ಒಂದು ಗೆರೆ. ಸಾಮಾನಿನ ಅಳತೆ ಕೆಳಗಿನ ಗೆರೆ ದಾಟಿದರೆ ಹದ ತಪ್ಪಿತು ಎಂದು ಎಂಥವರಿಗೂ ಗೊತ್ತಾಗುತ್ತದೆ. ಆದರೆ ಮೇಲಿನ ಗೆರೆ ದಾಟಿದರೂ ಹದ ತಪ್ಪಿದಂತೆಯೇ ಲೆಕ್ಕ. ಮೇಲೆ ಹೋದದ್ದೂ ತಪ್ಪು ಹೇಗಾಗುತ್ತದೆ ಎಂದು ಕ್ಲಾಸಿನಲ್ಲಿ ನಾನು ವಾದ ಮಾಡಿದ್ದೆ. ದೀಪಾವಳಿಗೆ ಊರಿಗೆ ಬಂದು ನಮ್ಮಪ್ಪನ ಬಾಯಲ್ಲಿ ಪಿಯುಸಿಗೆ ಇಳಿದ ಮೇಲೆ ಆ ನಕ್ಷೆ ನನಗೆ ಪೂರ್ತಿ ಅರ್ಥವಾಯಿತು.

ಗಂಡಿನ ಕಡೆಯವರು ಬರುವ ದಿನ ನಮ್ಮ ಮನೆಯಲ್ಲಿ ನಡೆದದ್ದನ್ನು ಕೇಳಿ. ಕುರ್ಚಿಗಳು ಸ್ಕೂಲಿನಿಂದ ಬಂದವು. ಶಾನುಭೋಗರ ಮನೆಯಿಂದ ಒಂದು ರೇಡಿಯೋ ಬಂತು. ಅದಕ್ಕೆ ಕಸೂತಿ ಬಟ್ಟೆ ಹೊದಿಸಿ ಗೂಡಿನಲ್ಲಿಟ್ಟರು. ಆ ಕಸೂತಿ ನಾನು ಹಾಕಿದ್ದಂತೆ. ಅದು ಯಾರ ಮನೆಯದೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಂದವರಲ್ಲಿ ಒಬ್ಬರು "ವಾರ್ತೆ ಆಕ್ರಿ, ಒಸಿ ಕೇಳವ" ಅಂದಾಗ ಅಪ್ಪ ಒಂದಿಷ್ಟೂ ತಡಬಡಾಯಿಸದೆ "ಬ್ಯಾಟ್ರಿ ಮುಗುದೋಗದೆ ಕಣ್ರೀ" ಅಂದ. ಅವನಿಗೆ ಅದನ್ನು ತಿರುಗಿಸುವುದು ಎಲ್ಲಿ ಎಂದೇ ತಿಳಿದಿರಲಿಲ್ಲ.

ನನ್ನನ್ನು ನಡೆಸಿ ನೋಡಿದರು. ಜಡೆ ನಿಜವೋ ಚೌರಿಯೋ ಎಂದು ಹುಡುಗನ ದೊಡ್ಡಮ್ಮ ಎಳೆದು ನೋಡಿದಳು. ನಿಜವೇ ಆದ್ದರಿಂದ ನೋವೂ ನಿಜವೇ ಆಯಿತು. ಆಮೇಲೆ ಒಂದು ಮೊರದ ತುಂಬ ಅಕ್ಕಿ ಕೊಟ್ಟು ಕಲ್ಲು ಆರಿಸು ಅಂದರು. ಅಕ್ಕಿಯನ್ನು ನೋಡಿದೆ. ಅಷ್ಟು ಹಸನಾದ ಅಕ್ಕಿ ನಮ್ಮ ಮನೆಯಲ್ಲಿ ನಾನು ಕಂಡೇ ಇರಲಿಲ್ಲ. ಅವ್ವ ಬೆಳಗ್ಗೆಯೇ ಕೂತು ಕಲ್ಲನ್ನೆಲ್ಲ ಆರಿಸಿ, ಮತ್ತೆ ಅದರಲ್ಲಿ ಕಡಲೆ ಗಾತ್ರದ ಕೆಲವು ಕರಿ ಕಲ್ಲನ್ನು ತಾನೇ ಬೆರೆಸಿಟ್ಟಿದ್ದಳು. ಕುರುಡಿಗೂ ಕಾಣುವಂಥವು. ಪರೀಕ್ಷೆ ಮಾಡುವವರ ಕಣ್ಣು ಎಷ್ಟು ಚುರುಕು ಎಂದು ತಿಳಿಯಲು ಪ್ರೋಗ್ರಾಮಿನೊಳಗೆ ಬೇಕೆಂದೇ ತಪ್ಪು ಬಿತ್ತುವ ಉಪಾಯವನ್ನು ಮೇಷ್ಟ್ರು ಹೇಳಿದ್ದರು. ಅದು ಬಹಳ ಹೊಸದು ಅಂದಿದ್ದರು. ನಮ್ಮವ್ವ ಅಡುಗೆಮನೆಯ ಬಾಗಿಲ ಸಂದಿಯಿಂದ ಇಣುಕುತ್ತಾ, ತಾನು ಬಿತ್ತಿದ ಕಲ್ಲುಗಳನ್ನು ಮಗಳು ಒಂದೊಂದಾಗಿ ಹೆಕ್ಕುವುದನ್ನು ನೋಡಿ ಕಣ್ಣು ತುಂಬಿಕೊಂಡಳು.

ಹುಡುಗ ಮಾತ್ರ ಸ್ಕೂಲಿನ ಕುರ್ಚಿಯ ಮೇಲೆ ಕೂತು ಚಕ್ಕುಲಿ ತಿಂದ. ಅವನನ್ನು ಯಾರೂ ನಡೆಸಲಿಲ್ಲ, ಕೂದಲು ಎಳೆಯಲಿಲ್ಲ. ಮುಖ ಸೌಮ್ಯವಾಗಿತ್ತು. ಅವನ ಬಗ್ಗೆ ನನಗೆ ಗೊತ್ತಾದದ್ದು ಅಷ್ಟೇ, ಅವನಿಗೆ ಚಕ್ಕುಲಿ ಇಷ್ಟ. ಹೋಗುವಾಗ ಅವರು "ಉಡುಗಿ ಒಪ್ಗೆ, ನೀವು ಬಂದು ನಮ್ಮನೆ ನೋಡಿ" ಅಂದರು. ಅದು ಪದ್ಧತಿ. ಹೆಣ್ಣಿನ ಕಡೆಯ ಹಿರಿಯರು ಗಂಡಿನ ಮನೆಗೆ ಹೋಗಿ ಗದ್ದೆ, ಹುಲ್ಲಿನ ಮೆದೆ, ಕೊಟ್ಟಿಗೆ, ದನ ಎಲ್ಲ ನೋಡಬೇಕು. ನೋಡಿ ಅವರ ಮನೆಯಲ್ಲಿ ಉಂಡರೆ ಸಂಬಂಧ ಒಪ್ಪಿದಂತೆ. ಕೈ ತೊಳೆದು ಎಲೆಯ ಮುಂದೆ ಕೂತ ಮೇಲೆ ಹಿಂದಕ್ಕೆ ಬರುವ ಮಾತಿಲ್ಲ.

ನೋಡಲು ಹೊರಟವರು ಅಪ್ಪ, ಚಿಕ್ಕಪ್ಪ ಮತ್ತು ಸೋದರತ್ತೆ. ಸೋದರತ್ತೆ ಅಪ್ಪನ ಅಕ್ಕ. ಕೋಟೆ ತಾಲ್ಲೂಕಿನ ಒಂದು ಹಳ್ಳಿಗೆ ಮದುವೆಯಾಗಿ ಹೋಗಿ, ಗಂಡ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದು ಇದ್ದವಳು. ಬಾಯಿ ಜೋರು. ಅವಳು ಬೈಯದೆ ಇದ್ದರೆ ಮೈ ಸರಿಯಿಲ್ಲವೇನೋ ಎಂದು ನಾವು ಹಣೆ ಮುಟ್ಟಿ ನೋಡುತ್ತಿದ್ದೆವು. ನಾನು ಮೈಸೂರಿಗೆ ವಾಪಸು ಹೊರಡುವ ದಿನ ಹಿತ್ತಲಲ್ಲಿ ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು. ನಾನೂ ಪಕ್ಕದಲ್ಲಿ ಕೂತೆ.

"ಅದೇನವ್ವ ಓದೋದು ನೀನು ಮೈಸೂರಲ್ಲಿ? ಒಲಿಗೆ ಅಂತೂ ಅಲ್ಲ" ಅಂದಳು.

"ತಪ್ಪು ಹುಡುಕೋದು ಕಣತ್ತೆ."

"ಥೂ ನಿನ್ನ! ಅದನ್ನ ಕಲಿಯಕ್ಕೆ ಮೈಸೂರ್ಗೋಗ್ಬೇಕಾ? ನಮ್ಮ ಬೀದೀಲಿ ಮನೆಮನೇಗೂ ಅವ್ರೆ ಮೇಷ್ಟ್ರುಗಳು."

ನಗು ಬಂತು. ನಗುನಗುತ್ತಲೇ ಅಳುವೂ ಬಂದುಬಿಟ್ಟಿತು. ಅತ್ತೆ, ಅವರು ನನ್ನನ್ನು ಪರೀಕ್ಷೆ ಬರೆಯಲು ಬಿಡುವುದಿಲ್ಲ, ಇನ್ನು ಕೆಲವೇ ತಿಂಗಳು ಉಳಿದಿತ್ತು, ಅಷ್ಟಕ್ಕೆ ತಪ್ಪಿಹೋಗುತ್ತದೆ ಎಂದೆ. ಅವಳು ಅವರೆಕಾಯಿಯಿಂದ ಕಣ್ಣೆತ್ತಲಿಲ್ಲ. ನಾನು ಮೂಗು ಒರೆಸಿಕೊಂಡು, ಮೇಷ್ಟ್ರ ಮಾತನ್ನು ನಮ್ಮ ಭಾಷೆಗೆ ಇಳಿಸಿ ಹೇಳಿದೆ: "ಅತ್ತೆ, ಅಲ್ಲಿ ಅವರು ತೋರ್ಸಿದ್ದನ್ನ ನೋಡಿ ಬಂದ್ಬಿಡಬೇಡ. ಅವರು ತೋರ್ಸೋದು ಮುಗೀಲಿ. ಆಮೇಲೂ ಒಂದಷ್ಟು ಹೊತ್ತು ಇದ್ದು ಏನಾಗ್ತದೆ ನೋಡು."

"ಆಮ್ಯಾಕಾ?" ಎಂದಳು. ಅವಳ ಕೈ ಒಂದು ಗಳಿಗೆ ನಿಂತಿತು. ಮತ್ತೆ ಬಿಡಿಸತೊಡಗಿದಳು.

ಮೈಸೂರಿಗೆ ಬಂದರೆ ಬೆಂಗಳೂರಿನಿಂದ ನನ್ನ ಕಾರ್ಡಿನ ಕಟ್ಟು ವಾಪಸು ಬಂದಿತ್ತು. ನನ್ನ ಪ್ರೋಗ್ರಾಮಿನ ಕೆಲಸ ಸರಳವಾದದ್ದು. ಒಂದು ರಾಶಿಯಿಂದ ಎಷ್ಟು ಸಾಮಾನು ತೆಗೆದು ನೋಡಿದೆ, ಅದರಲ್ಲಿ ಎಷ್ಟು ಕೆಟ್ಟದ್ದು ಸಿಕ್ಕಿತು ಎಂದು ಕಾರ್ಡಿನಲ್ಲಿ ತಿಳಿಸಿದರೆ, ಇಡೀ ರಾಶಿಯನ್ನು ಒಪ್ಪಬೇಕೋ ಬೇಡವೋ ಎಂದು ಅದು ಹೇಳಬೇಕು. ಮೇಷ್ಟ್ರ ಬೈಗುಳ ತಿಂದ ಮೇಲೆ ಪಿರಿಯಾಪಟ್ಟಣದ ಸಹಪಾಠಿ ಸೌಜನ್ಯವನ್ನೆಲ್ಲ ಗಂಟು ಕಟ್ಟಿ ಮೂಲೆಗೆಸೆದಿದ್ದ. ಅಂಕಿ ಹೊಡೆಸಿದ ಕಾರ್ಡುಗಳ ಕೊನೆಗೆ ಒಂದು ಖಾಲಿ ಕಾರ್ಡು ಸೇರಿಸಿಬಿಟ್ಟಿದ್ದ. ಅದರಲ್ಲಿ ಒಂದೂ ತೂತಿಲ್ಲ. ಕಂಪ್ಯೂಟರು ಖಾಲಿ ಜಾಗವನ್ನು ಸೊನ್ನೆ ಎಂದು ಓದಿಕೊಂಡಿತ್ತು. ನೋಡಿದ್ದು ಸೊನ್ನೆ, ಸಿಕ್ಕ ತಪ್ಪು ಸೊನ್ನೆ. ತಪ್ಪೇ ಇಲ್ಲವಲ್ಲ ಎಂದು ನನ್ನ ಪ್ರೋಗ್ರಾಂ ಆ ರಾಶಿಯನ್ನು ಒಪ್ಪಿಕೊಂಡಿತ್ತು!

ನನಗೆ ರೇಗಿಹೋಯಿತು. "ಖಾಲಿ ಕಾರ್ಡು ಯಾವನು ಹಾಕ್ತಾನೆ ಸಾರ್? ಏನೂ ನೋಡದೆ ಯಾರಾದರೂ ಒಪ್ಪಿಗೆ ಕೇಳ್ತಾರಾ?" ಎಂದು ಮೇಷ್ಟ್ರ ಹತ್ತಿರ ಹೋಗಿ ಜಗಳ ಆಡಿದೆ.

"ಕೇಳಲ್ಲ ಅಂತ ನೀವು ಅಂದುಕೊಂಡಿರಿ ನೋಡಿ, ಅದೇ ತಪ್ಪು" ಎಂದು ಅವರು ನಕ್ಕರು. ಅವರು ನಕ್ಕದ್ದನ್ನು ಕಂಡದ್ದು ಅದೇ ಮೊದಲು.

ಹಾಸ್ಟೆಲಿಗೆ ಬಂದು ಮಂಚದ ಮೇಲೆ ಕೂತಾಗ ಆ ಹುಡುಗನ ಸೌಮ್ಯ ಮುಖ ಕಣ್ಣ ಮುಂದೆ ಬಂತು. ಅವನಲ್ಲಿ ನಮ್ಮವರು ನೋಡಿದ್ದೇನು? ಏನೂ ಇಲ್ಲ. ಸಿಕ್ಕ ತಪ್ಪೇನು? ಏನೂ ಇಲ್ಲ. ಅಪ್ಪ ಒಪ್ಪಿಯಾಗಿತ್ತು. ನನ್ನ ಪ್ರೋಗ್ರಾಮಿಗೆ ಆ ಬುದ್ಧಿ ಎಲ್ಲಿಂದ ಬಂದಿತ್ತೆಂದು ಈಗ ತಿಳಿಯಿತು, ನಮ್ಮ ಮನೆತನದ್ದೇ. ಮೊದಲು ಎಷ್ಟು ನೋಡಿದೆ ಎಂದು ಕೇಳು, ಏನೂ ನೋಡಿಲ್ಲದಿದ್ದರೆ ಒಪ್ಪಬೇಡ ಎಂದು ಒಂದು ಸಾಲು ಸೇರಿಸಿದೆ. ಪ್ರೋಗ್ರಾಂ ಸರಿಹೋಯಿತು. ಅಪ್ಪನಿಗೆ ಆ ಸಾಲನ್ನು ಎಲ್ಲಿ ಸೇರಿಸುವುದು?

ಶನಿವಾರ ಅವರು ಮನೆ ನೋಡಲು ಹೋಗುತ್ತಾರೆಂದು ನನಗೆ ಗೊತ್ತಿತ್ತು. ಅವತ್ತೆಲ್ಲ, ಈಗ ಗದ್ದೆ ನೋಡುತ್ತಿರಬಹುದು, ಈಗ ಎಲೆ ಹಾಕಿರಬಹುದು ಎಂದುಕೊಂಡೇ ಸಂಜೆ ಮಾಡಿದೆ. ಎರಡು ದಿನ ಕಳೆದು, ಸೋಮವಾರ ಮಧ್ಯಾಹ್ನ ಹಾಸ್ಟೆಲಿನ ವಾಚ್‌ಮನ್ ಬಂದು ಯಾರೋ ನೋಡಲು ಬಂದಿದ್ದಾರೆ ಅಂದ. ಹೋಗಿ ನೋಡಿದರೆ ವರಾಂಡದ ಬೆಂಚಿನ ಮೇಲೆ ನನ್ನ ಅತ್ತೆ! ಮಡಿಲಲ್ಲಿ ಒಂದು ಗಂಟು. ಹುಣಸೂರಿನ ಬಸ್ಸು ಹತ್ತಿ ಒಬ್ಬಳೇ ಬಂದುಬಿಟ್ಟಿದ್ದಳು.

"ಏನಾಯ್ತತ್ತೆ? ಉಂಡ್ರಾ?" ಅಂದೆ. ಆರೋಗ್ಯ ಕೇಳಲೂ ಪುರಸೊತ್ತಿರಲಿಲ್ಲ.

"ಮೊದ್ಲು ಕಾಪಿ ಕೊಡ್ಸು" ಅಂದಳು. ಮೆಸ್ಸಿನಿಂದ ಕಾಫಿ ತರಿಸಿದೆ. ಒಂದು ಗುಟುಕು ಕುಡಿದು "ಏನವ್ವ ಇದು, ಪಾತ್ರೆ ತೊಳ್ದ ನೀರು" ಎಂದು ಪಕ್ಕಕ್ಕಿಟ್ಟಳು. ನಮ್ಮ ಕ್ಲಾಸಿನಲ್ಲಿ ಇವಳು ಇರಬೇಕಿತ್ತು ಅನ್ನಿಸಿತು. ಆಮೇಲೆ ಶುರು ಮಾಡಿದಳು.

"ಅಲ್ಲಿಗೋದ್ವಾ, ಗದ್ದೆ ತೋರುಸುದ್ರು. ಗದ್ದೆ ಚೆನ್ನಾಗದೆ, ಸುಳ್ಳು ಯೋಳ್ಬಾರ್ದು. ಮೆದೆ ತೋರುಸುದ್ರು. ಕೊಟ್ಟಿಗೆ ತೋರುಸುದ್ರು, ತುಂಬ ಹಸ. ಒಂದೊಂದೂ ಇಷ್ಟಿಷ್ಟು ಕೆಚ್ಚಲು ಬುಟ್ಕಂಡು ನಿಂತವೆ. ನಿಮ್ಮಪ್ಪ ಬಾಯಿ ಬುಟ್ಕಂಡು ನೋಡ್ತಾನೇ ಅವ್ನೆ. ಮದ್ಯಾನ ಆಯ್ತು, ಏಳಿ ಕೈ ತೊಳೀರಿ ಅಂದ್ರು. ನಿಮ್ಮಪ್ಪ ಎದ್ದೇಬುಟ್ಟ. ನಾನಂದೆ, ಇವತ್ತು ಸನಿವಾರ, ನಂದು ಒಪ್ಪತ್ತು, ದೀಪ ಹಚ್ಚೋ ಗಂಟ ಬಾಯ್ಗೆ ನೀರೂ ಆಕಲ್ಲ ಅಂತ."

"ನೀನು ಯಾವಾಗ ಒಪ್ಪತ್ತು ಶುರು ಮಾಡ್ದೆ?"

"ಆಗ್ಲೇ! ಅಕ್ಕ ಉಪಾಸ ಕುಂತಿರುವಾಗ ತಮ್ಮದೀರು ಉಂಡಾರಾ? ನಿಮ್ಮಪ್ಪ ನನ್ನ ನುಂಗೋ ಅಂಗೆ ನೋಡ್ದ. ಒಳಗಿಂದ ಒಗ್ಗರಣೆ ವಾಸ್ನೆ ಬತ್ತದೆ, ಇವ್ನು ತುಟಿ ಸವರ್ಕತಾನೆ. ಆ ಮನೆಯೋರ್ಗೂ ಕಸಿವಿಸಿ. ಒರಡ್ರಪ್ಪ ಅನ್ನಂಗಿಲ್ಲ, ಕುಂತ್ಕಳಿ ಅನ್ನಂಗಿಲ್ಲ. ನಾನು ಕೊಟ್ಟಿಗೆ ಎದ್ರುಗೇ ಕಾಲು ನೀಡ್ಕಂಡು ಕುಂತೆ. ಒಸಿ ಒತ್ತಾದ ಮ್ಯಾಕೆ ಕೇಳ್ದೆ, ಅಲ್ಲ ಕಣವ್ವ, ಹಾಲು ಕೊಡೋ ಹಸ ಅಂತೀರಿ, ಕರ ಒಂದೂ ಕಾಣ್ದಲ್ಲ, ಎಲ್ಲವೆ? ಮೇಯಕ್ಕೋಗವೆ ಅಂದ್ಳು ಆ ಮನೆ ಯಜಮಾನಿ. ಆಲು ಕುಡಿಯೋ ಕರ ಮೇಯಕ್ಕೋಗದಾ!"

ಹೊತ್ತು ಇಳಿಯಿತಂತೆ. ಕರೆಯುವ ವೇಳೆಯಾಯಿತು. ಯಜಮಾನಿ ಚೊಂಬು ಹಿಡಿದು ಒಂದು ಹಸುವಿನ ಪಕ್ಕ ಕೂತಳಂತೆ. ಹಸು ಅವಳ ಕೈ ತಗುಲಿದ್ದೇ ಝಾಡಿಸಿ ಒದ್ದಿತು. ಚೊಂಬು ಹೋಗಿ ನಮ್ಮ ಚಿಕ್ಕಪ್ಪನ ಕಾಲ ಬುಡದಲ್ಲಿ ಬಿತ್ತು. ಅದೇ ಹೊತ್ತಿಗೆ ಬೀದಿಯ ಆಚೆ ಕಡೆಯ ಮನೆಯಿಂದ ಕರು ಒಂದು "ಅಂಬಾ" ಎಂದು ಕೂಗಿತು.

"ಅಷ್ಟೇ ಕಣವ್ವ! ಈ ತಾಯಿ ಗೂಟ ಕಿತ್ಕಂಡು ಒಂಟ್ಳು. ಅದ್ರ ಇಂದೆ ಇನ್ನೊಂದು. ಅದ್ರ ಇಂದೆ ಮತ್ತೊಂದು. ಬಾಗ್ಲಾಗೆ ಒಬ್ರನ್ನೊಬ್ರು ತಳ್ಕಂಡು, ಬೀದಿ ದಾಟಿ, ಆ ಮನೆಗೆ ಈ ಮನೆಗೆ ಯಾರು ಯಾರದ್ದೋ ಅಟ್ಟಿಗೆ ನುಗ್ಗುದ್ವು. ಎದುರು ಮನೆ ಗೌಡ ಜಗಲಿ ಮ್ಯಾಲೆ ಹುಲ್ಲು ಇಡ್ಕಂಡು ನಿಂತವ್ನೆ. ಪಾಪ, ಹಸಿನ ಒಳಿಕ್ ಕರ್ಕಳಂಗೂ ಇಲ್ಲ, ಓಡುಸ್ಸಂಗೂ ಇಲ್ಲ. ಇತ್ಲಾಗೆ ಕೊಟ್ಟಿಗೇಲಿ ಒಂದು ಮುದಿ ಎತ್ತು ನಿಂತದೆ ನೋಡು, ಅದೊಂದೇ ಅವರ್ದು."

ನಾನು ಬೆಂಚಿನ ಮೇಲೆ ಬಿದ್ದು ಬಿದ್ದು ನಕ್ಕೆ. ವಾಚ್‌ಮನ್ ಬಂದು ಇಣುಕಿ ಹೋದ. ಸಂಬಂಧ ಮುರಿದುಬಿತ್ತು ಅಂತ ಅರ್ಥ ತಾನೆ? ತಪ್ಪು ಸಿಕ್ಕಿತು, ರಾಶಿ ತಿರಸ್ಕಾರ. ನಾನು ಕಲಿತ ಶಾಸ್ತ್ರ ಹಾಗೆಂದೇ ಹೇಳುತ್ತಿತ್ತು.

"ಎಲ್ಲಿ ಮುರೀತು?" ಎಂದಳು ಅತ್ತೆ. "ನಿಮ್ಮಪ್ಪ ಏನಂದ ಗೊತ್ತಾ? ಒಸಿಯೂ ಬ್ಯಾಸ್ರ ಇಲ್ಲ ಅವ್ನಿಗೆ. 'ಇರ್ಲಿ ಬುಡಿ, ಊರಲ್ಲಿ ಯಾರು ತರಲ್ಲ, ಎಲ್ಲಾರೂ ತತ್ತಾರೆ. ಗದ್ದೆ ಅವರ್ದೇ ತಾನೆ, ಗದ್ದೆ ಎಲ್ಲೂ ಎದ್ದೋಗಲ್ಲವಲ್ಲ' ಅಂದ್ಬುಟ್ಟು ಚೊಂಬು ತಕ್ಕಂಡು ಕೈ ತೊಳಿಯಕ್ಕೋದ."

ನನ್ನ ನಗು ಅಲ್ಲೇ ನಿಂತಿತು. ಇದನ್ನು ಮೇಷ್ಟ್ರು ಹೇಳಿಕೊಟ್ಟಿರಲಿಲ್ಲ. ತಪ್ಪು ಹುಡುಕುವವರು ಹುಡುಕಿಕೊಡಬಹುದು, ಇರಲಿ ಬಿಡು ಎನ್ನುವ ಯಜಮಾನ ಯಾವಾಗಲೂ ಬೇರೆ ಇರುತ್ತಾನೆ. ಶಾನುಭೋಗರ ರೇಡಿಯೋ ತಂದಿಟ್ಟವನು ಎದುರು ಮನೆಯ ಹಸುವಿಗೆ ಯಾಕೆ ಬೇಸರಪಟ್ಟುಕೊಳ್ಳುತ್ತಾನೆ? ಬೀಗರು ಬೀಗರಿಗೆ ಸರಿಯಾಗಿಯೇ ಸಿಕ್ಕಿದ್ದರು.

"ಉಂಡ್ರಾ ಹಂಗಾದ್ರೆ?" ಎಂದೆ.

"ಉಣ್ಣಕ್ಕೆ ನಾನು ಬುಟ್ಟನಾ? ಎಲೆ ಮುಂದೆ ಕುಂತವ್ನೆ ನಿಮ್ಮಪ್ಪ, ಇನ್ನೇನು ಅನ್ನ ಬಡುಸ್ಬೇಕು. ನಾನು ನಿಂತ್ಕಂಡು ಅಂದೆ, 'ತಡೀರಿ. ನಿಮ್ದು ತಿಳೀತು, ನಮ್ದೂ ತಿಳ್ಕಳಿ. ನಮ್ಮುಡ್ಗಿ ಒಲಿಗೆ ಕಲೀತಿಲ್ಲ, ಅವಳ್ಗೆ ಸೂಜಿ ಇಡಿಯಕ್ಕೂ ಬರಲ್ಲ. ಅವಳು ಎಮ್ಮೆಸ್ಸಿ ಓದ್ತಾವ್ಳೆ, ಮೈಸೂರಲ್ಲಿ, ಕೊನೆ ವರ್ಸ. ಪರೀಕ್ಸೆ ಬರ್ದೇ ಬರೀತಾಳೆ.' ಅನ್ನದ ಸವ್ಟು ಅಂಗೇ ನಿಂತೋಯ್ತು ಕಣವ್ವ. ಉಡುಗನ ಅಪ್ಪ ಕೇಳ್ದ, ಅಷ್ಟೋದಿರೋಳು ನಮ್ಮನೆ ಸಗಣಿ ಬಾಚ್ತಾಳಾ ಅಂತ. ನಾನು ಸುಮ್ನಿರ್ತೀನಾ? ಯಾರ ಮನೆ ಸಗಣಿ ಯಜಮಾನ್ರೆ ಅಂದೆ."

ಅಲ್ಲಿಗೆ ಎಲೆ ಎತ್ತಿದರಂತೆ. ಎರವಲು ಹಸು ತಂದವರು, ಹೆಚ್ಚು ಓದಿದ ಹುಡುಗಿ ಬೇಡವೆಂದು ಮರ್ಯಾದೆ ಉಳಿಸಿಕೊಂಡರು. ನಮ್ಮವರು ನಡೆದು, ಗಾಡಿ ಹಿಡಿದು ಕೆ.ಆರ್. ನಗರಕ್ಕೆ ಬಂದು, ಬಸ್ ಸ್ಟ್ಯಾಂಡಿನ ಹೋಟೆಲಲ್ಲಿ ತಣ್ಣಗಾದ ಇಡ್ಲಿ ತಿಂದರಂತೆ. ಅಪ್ಪ ಅತ್ತೆಯ ಕಡೆ ಬೆನ್ನು ಮಾಡಿಕೊಂಡು ತಿಂದನಂತೆ. ಅಂದಿನಿಂದ ಮಾತು ಬಿಟ್ಟಿದ್ದ. ಅವನು ಮಾತು ಬಿಟ್ಟದ್ದಕ್ಕೇ ಅವಳು ಬಸ್ಸು ಹತ್ತಿ ನನ್ನ ಹತ್ತಿರ ಬಂದದ್ದು.

ನನಗೆ ಕುಣಿದಾಡುವಷ್ಟು ಸಂತೋಷವಾಯಿತು. ಪರೀಕ್ಷೆ ಬರೆಯುತ್ತೇನೆ! ಅದರ ಹಿಂದೆಯೇ ಹೊಟ್ಟೆ ಉರಿಯಿತು, ಸುಳ್ಳೇಕೆ ಹೇಳಲಿ. ಒಂದು ಮುದಿ ಎತ್ತಿನವರು ನನ್ನನ್ನು ಬೇಡವೆಂದರಲ್ಲ! ಮೇಲಿನ ಗೆರೆ ದಾಟಿದ್ದಕ್ಕೆ. ಇನ್ನು ಮುಂದೆ ಬರುವವರೂ ಇದನ್ನೇ ಅನ್ನಬಹುದಲ್ಲ ಎಂಬ ಹೆದರಿಕೆಯೂ ಆಯಿತು. ಅತ್ತೆ ನನ್ನ ಮುಖ ನೋಡಿ "ಯಾಕೆ, ಆ ಗಂಡು ಬೇಕಿತ್ತಾ?" ಎಂದಳು. ಇಲ್ಲ ಎಂದೆ. "ಮತ್ಯಾಕೆ ಮೋರೆ ಇಂಗ್ ಮಡಿಕಂಡಿದೀಯಾ" ಎಂದು ಬೈದು, ಗಂಟು ಬಿಚ್ಚಿ ಒಬ್ಬಟ್ಟು ಕೊಟ್ಟಳು.

ಬಸ್ ಸ್ಟ್ಯಾಂಡಿನ ತನಕ ಜೊತೆಯಲ್ಲಿ ಹೋದೆ. ಹುಣಸೂರಿನ ಬಸ್ಸು ಇನ್ನೂ ಬಂದಿರಲಿಲ್ಲ. ನಿಂತುಕೊಂಡು ಕೇಳಿದೆ, "ಅತ್ತೆ, ನಾನು ಆಮೇಲೂ ಒಂದಷ್ಟು ಹೊತ್ತು ಇರು ಅಂದೆ ಅಷ್ಟೆ. ಸಂಜೆಗಂಟ ಕೂರಬೇಕು, ಕರೆಯೋ ಹೊತ್ತಿಗೆ ತಿಳೀತದೆ ಅಂತ ನಿಂಗೆ ಹೆಂಗೆ ಹೊಳೀತು?"

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ನನ್ನ ಕೋಟೆ ಕಡೀಕೆ ಕೊಟ್ರಲ್ಲ, ಆವಾಗ ನಮ್ಮಪ್ಪನೂ ಇಂಗೇ ಮನೆ ನೋಡಕ್ಕೋಗಿದ್ದ. ಕೊಟ್ಟಿಗೆ ತುಂಬ ದನ ಕಂಡ್ನಂತೆ. ಮದ್ಯಾನಕ್ಕೇ ಉಂಡು, ಎಲೆಅಡ್ಕೆ ಆಕ್ಕಂಡು, ಕುಸಿಯಾಗಿ ಬಂದ್ಬುಟ್ಟ. ನಾನು ಮದ್ವೆಯಾಗಿ ಅಲ್ಲಿಗೋದ ಮಾರ್ನೆ ದಿನ, ಸಗಣಿ ಬಾಚಣ ಅಂತ ಮಂಕ್ರಿ ತಕ್ಕಂಡು ಕೊಟ್ಟಿಗೆಗೋದ್ರೆ, ಬರೀ ಗೂಟ ಅವೆ."

"ಆಮೇಲೆ?"

"ಆಮ್ಯಾಕೇನು. ಯಾರ ಮನೆ ದನ ತಂದು ಕಟ್ಟಿದ್ರೋ, ಅವರ ಕೊಟ್ಟಿಗೆಗೇ ಕೂಲಿಗೋದೆ. ಗಂಡ ಸಾಯೋ ಗಂಟ ಅದೇ ದನದ ಸಗಣಿ ಬಾಚ್ದೆ."

ಬಸ್ಸು ಬಂತು. ಜನ ನುಗ್ಗಿದರು. ಅವಳು ಗಂಟನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಒಂದು ಕಾಲು ಮೆಟ್ಟಿಲ ಮೇಲಿಟ್ಟು ತಿರುಗಿ ನೋಡಿದಳು.

"ನಂಗೆ ಸಂಜೆಗಂಟ ಕುಂತ್ಕಳೋರು ಯಾರೂ ಇರ್ನಿಲ್ಲ ಕಣವ್ವ" ಎಂದಳು. "ಓಗು, ಓದ್ಕೋ."